ನಮ್ಮ ತಾತನ ಬಾಡಿ

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ, ಒತ್ತಕ್ಷರಗಳು ಕೆಳಗಿನ ಸಾಲಿಗೆ ಇಳಿದುಬಿಡುತ್ತವೆ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು, ಆದ್ದರಿಂದ ಪದಗಳೂ ಕಡಿಮೆ. ಲೈಬ್ರರಿಯ ಶೋಭಾರಾಣಿ ಮೇಡಂ ಗೋಡೆ ಪತ್ರಿಕೆಗೆ ಊರಿನ ಯಾರಾದರೂ ಒಬ್ಬರ ಬಗ್ಗೆ ಬರೆದುಕೊಡು ಎಂದಿದ್ದಾರೆ. ನನಗೆ ಚೆನ್ನಾಗಿ ಗೊತ್ತಿರುವುದು ನಮ್ಮ ತಾತ ಮಾತ್ರ.

ತಾತನ ಹೆಸರು ಚೆನ್ನರಾಯಪ್ಪ. ಊರು ಮಂಡಿಕಲ್. ಈಗ ಹಿಪ್ಪುನೇರಳೆ ಬೆಳೆಯುತ್ತಾರೆ. ಮದುವೆಯಾದ ಹೊಸದರಲ್ಲಿ ಒಂದು ವ್ಯಾನು ಓಡಿಸುತ್ತಿದ್ದರು. ಸುತ್ತಲಿನ ಹಳ್ಳಿಗಳ ರೇಷ್ಮೆಗೂಡು ತುಂಬಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಮುಟ್ಟಿಸುವ ಕೆಲಸ. ವ್ಯಾನಿನ ಯಜಮಾನರು ಅದನ್ನು ಮಾರಿದ ಮೇಲೆ ತಾತ ಬೇರೆ ಗಾಡಿ ಮುಟ್ಟಲಿಲ್ಲ. ಆದರೂ ಅಭ್ಯಾಸ ಹೋಗಿಲ್ಲ. ತೋಟದ ದಾರಿಯಲ್ಲಿ ನಡೆಯುವಾಗ ತಿರುವು ಬಂದರೆ ಕೈ ಚಾಚುತ್ತಾರೆ. ಹಿಂದಕ್ಕೆ ಹೆಜ್ಜೆ ಇಡಬೇಕಾದರೆ ಯಾರಾದರೂ "ಬರ್ಲಿ, ಬರ್ಲಿ" ಅನ್ನಬೇಕು. ಅನ್ನದಿದ್ದರೆ ನಿಂತೇ ಇರುತ್ತಾರೆ.

ಅವರ ಹತ್ತಿರ ಒಂದೇ ಒಂದು ಕಥೆ ಇದೆ. ಒಂದು ಸಂಜೆ ಕೆರೆ ಏರಿಯ ಮೇಲೆ ಹೋರಿಯೊಂದು ವ್ಯಾನಿನ ಬಾಗಿಲಿಗೆ ಗುಮ್ಮಿತಂತೆ. ಕೊಂಬು ತಗಡು ತೂರಿ ಅಲ್ಲೇ ಸಿಕ್ಕಿಕೊಂಡಿತಂತೆ. ತಾತ ಕಿಟಕಿಯಿಂದ ಅದರ ಜೊತೆ ಮಾತಾಡುತ್ತಾ, ಅದರ ನಡಿಗೆಗೆ ಸರಿಯಾಗಿ ಗಾಡಿ ಓಡಿಸುತ್ತಾ, ಊರವರೆಗೂ ಕರೆತಂದರಂತೆ. ಒಂದು ಗೂಡೂ ನಲುಗಲಿಲ್ಲವಂತೆ.

ಅಜ್ಜಿ ಕೊಂಡಮ್ಮ ಇದನ್ನು ನಂಬುವುದಿಲ್ಲ. "ಹೋರಿಗೆ ಟಿಕೆಟ್ ಕೊಟ್ಟಿದ್ದಾ?" ಎಂದು ಕೇಳುತ್ತಾರೆ. ಈ ಯುಗಾದಿಗೆ ಬಂದ ನೆಂಟರ ಮುಂದೆ ತಾತ ಮತ್ತೆ ಶುರು ಮಾಡಿದಾಗ ಅಜ್ಜಿ ಒಬ್ಬಟ್ಟಿನ ತಟ್ಟೆ ಕೆಳಗಿಟ್ಟರು.

"ಆ ಗಾಡಿ ಹುಡುಕಿ ತೂತು ತೋರ್ಸಯ್ಯ. ಅಲ್ಲೀವರ್ಗೂ ಈ ಕಥೆ ನನ್ ಮನೇಲಿ ಹೇಳಕೂಡ್ದು."

ತಾತ ರೋಷದಲ್ಲಿ ಒಪ್ಪಿಕೊಂಡುಬಿಟ್ಟರು. ಆಮೇಲೆ ನೆಂಟರು ಬಂದರೆ ಮಾತೇ ಇಲ್ಲ. ಮಳೆ ಬಂತಾ ಎಂದು ಕೇಳಿ ಸುಮ್ಮನಾಗುತ್ತಿದ್ದರು. ಊಟವೂ ಸರಿಯಾಗಿ ಸೇರುತ್ತಿರಲಿಲ್ಲ. ಸುತ್ತಲ ಗುಜರಿ ಅಂಗಡಿಗಳಿಗೆಲ್ಲ ಹೇಳಿಟ್ಟರು.

ಕೊನೆಗೆ ಚಿಂತಾಮಣಿಯ ಗುಜರಿ ಅಂಗಡಿಯ ಮೋಹನ್‌ಬಾಬು ಫೋನ್ ಮಾಡಿದರು. ಒಂದು ಹಳೆಯ ವ್ಯಾನಿನ ಬಾಡಿ ಬಂದಿದೆ, ಎಂಜಿನ್ ಇಲ್ಲ, ಚಕ್ರ ಇಲ್ಲ, ಒಳಗೆ ಕೋಳಿಗಳಿವೆ, ನಿಮ್ಮದೇನೋ ನೋಡಿ ಎಂದರು. ತಾತ ನನ್ನನ್ನು ಕೂರಿಸಿಕೊಂಡು ನೆಂಟರ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜು ಹೇಳಿ ಬರೆಸಿದರು. ನಾನು "ವ್ಯಾನಿನ ಬಾಡಿ" ಎಂದು ಬರೆದೆ.

"ವ್ಯಾನು ಯಾಕಮ್ಮಾ? ನನ್ ಬಾಡಿ ಅಂದ್ರೆ ಎಲ್ರಿಗೂ ಗೊತ್ತು."

ಅಳಿಸಿ, ಅವರು ಹೇಳಿದಂತೆಯೇ, ಒಂದು ಕಾಗುಣಿತವೂ ತಪ್ಪದ ಹಾಗೆ ಬರೆದು ಕಳಿಸಿದೆ: "ಚೆನ್ನರಾಯಪ್ಪನವರ ಬಾಡಿ ಚಿಂತಾಮಣಿಯ ಗುಜರಿಯಲ್ಲಿ ಸಿಕ್ಕಿದೆ. ಅವರದೇ ಹೌದೋ ಅಲ್ಲವೋ ಗುರುತು ಹಿಡಿಯಲು ಭಾನುವಾರ ಹೋಗುತ್ತಿದ್ದೇವೆ. ಬರುವವರು ಬನ್ನಿ." ಆಮೇಲೆ ಫೋನಿನ ಚಾರ್ಜು ಮುಗಿಯಿತು. ಕರೆಂಟೂ ಇರಲಿಲ್ಲ.

ಭಾನುವಾರ ನಾವು ಮೂವರೂ ಬಸ್ಸಿನಲ್ಲಿ ಚಿಂತಾಮಣಿಗೆ ಹೋದೆವು. ಗುಜರಿಯ ಗೇಟಿನಲ್ಲಿ ಅಜ್ಜಿಯ ತಮ್ಮ, ನಗರಗೆರೆಯ ವೆಂಕಟರವಣಪ್ಪ, ದೊಡ್ಡ ಸೇವಂತಿಗೆ ಹಾರ ಹಿಡಿದು ಅಳುತ್ತಾ ನಿಂತಿದ್ದರು. ನಮ್ಮನ್ನು ನೋಡಿ ಅಕ್ಕನನ್ನು ತಬ್ಬಿಕೊಂಡರು.

"ಹೋಗ್ಬಿಟ್ರಲ್ಲಕ್ಕಾ ಬಾವ."

"ನಾನೆಲ್ಲಿಗೆ ಹೋದೆ?" ಎಂದು ತಾತ ಪಕ್ಕದಿಂದ ಕೇಳಿದರು.

ವೆಂಕಟರವಣಪ್ಪ ತಾತನನ್ನು ತುಂಬಾ ಹೊತ್ತು ನೋಡಿದರು. ಕೈ ಮುಟ್ಟಿ ನೋಡಿದರು. ಆಮೇಲೆ ಅವರಿಗೆ ಬಹಳ ಕೋಪ ಬಂತು. "ಬಸ್ಸಲ್ಲಿ ನಗರಗೆರೆಯಿಂದ ಅತ್ಕೊಂಡು ಬಂದಿದೀನಿ. ಕಂಡಕ್ಟ್ರೂ ಅತ್ತ. ಈಗ ಈ ಹಾರ ಯಾರಿಗ್ ಹಾಕ್ಲಿ?"

"ಬಾಡಿಗೇ ಹಾಕಪ್ಪ, ತಡಿ. ಮೊದ್ಲು ನನ್ದೇನಾ ನೋಡೋಣ," ಎಂದರು ತಾತ.

ಮೋಹನ್‌ಬಾಬು ಕೋಳಿಗಳನ್ನು ಓಡಿಸಿ, ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ನನ್ನ ಕೈಗೆ ಕೊಟ್ಟರು. ಹಳೆಯ ಗಾಡಿಗಳಲ್ಲಿ ತೂತು, ತಗ್ಗು ಕಾಣದಂತೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿರುತ್ತಾರೆ. ತಗಡಿದ್ದರೆ ಅಯಸ್ಕಾಂತ ಕಚ್ಚುತ್ತದೆ, ದಪ್ಪಗೆ ಪುಟ್ಟಿಯಿದ್ದರೆ ಜಾರಿ ಬೀಳುತ್ತದೆ. ಮನೆಯಲ್ಲಿ ನನ್ನನ್ನೂ ಪುಟ್ಟಿ ಎಂದೇ ಕರೆಯುತ್ತಾರೆ. ಮೋಹನ್‌ಬಾಬು "ಪುಟ್ಟಿ ಎಲ್ಲಿದೆ ನೋಡಮ್ಮ" ಎಂದಾಗ ನಾನು "ಇಲ್ಲೇ ಇದೀನಿ" ಎಂದುಬಿಟ್ಟೆ. ಆಮೇಲೆ ನಾಚಿಕೆಯಾಗಿ ತಲೆ ಎತ್ತಲಿಲ್ಲ.

ಒಂದು ಗೇಣೂ ಬಿಡದೆ ಅಯಸ್ಕಾಂತ ಇಡುತ್ತಾ ಬಂದೆ. ಗೂಡಿಗೆ ಗಾಳಿಯಾಡಲೆಂದು ಎರಡೂ ಪಕ್ಕ ಸಾಲಾಗಿ ತೂತು ಹೊಡೆಸಿದ್ದೆ ಎಂದು ತಾತ ಹೇಳಿದ್ದರು. ಒಂದೂ ಇರಲಿಲ್ಲ. ಪಕ್ಕದ ತಗಡುಗಳು ಆಮೇಲೆ ಹಾಕಿದವು. ಹಿಂದಿನ ಬಾಗಿಲುಗಳು ಯಾವುದೋ ಆಂಬುಲೆನ್ಸಿನವು, ಕೆರೆದರೆ ಕೆಂಪು ಗುರುತು ಬಂತು. "ಇದು ಮೂರು ಗಾಡಿ ಸೇರ್ಸಿರೋದು ತಾತ," ಎಂದರು ಮೋಹನ್‌ಬಾಬು.

ಅಜ್ಜಿ ಸೆರಗು ಸರಿಮಾಡಿಕೊಂಡರು. "ಮುಗೀತಲ್ಲ. ನಡಿಯಯ್ಯ ಮನೇಗೆ."

ಡ್ರೈವರ್ ಬಾಗಿಲೊಂದು ಉಳಿದಿತ್ತು. ಅರ್ಧಕ್ಕೆ ಬಿಡುವುದು ನನ್ನಿಂದ ಆಗುವುದಿಲ್ಲ, ಅದಕ್ಕೂ ಇಟ್ಟೆ. ಹಿಡಿಯ ಕೆಳಗೆ ಅಯಸ್ಕಾಂತ ಜಾರಿ ನನ್ನ ಕಾಲಿನ ಮೇಲೆ ಬಿತ್ತು. ಮತ್ತೆ ಇಟ್ಟೆ, ಮತ್ತೆ ಬಿತ್ತು. ಮೋಹನ್‌ಬಾಬು ಉಳಿ ತಂದರು.

ಆಗ ತಾತ ಅಡ್ಡ ಬಂದು ಆ ಜಾಗಕ್ಕೆ ಅಂಗೈ ಇಟ್ಟರು. "ಪುಟ್ಟಿ ಐತೆ ಅಂದ್ಮೇಲೆ ತೂತು ಐತೆ ಅಂತ ತಾನೆ? ಕೆರೆಯೋದು ಬೇಡ."

"ಯಾಕ್ ಬೇಡ?" ಎಂದರು ಅಜ್ಜಿ. "ಕೆರೀದಿದ್ರೆ ಕಥೆ ಇಲ್ಲ."

ತಾತ ಅಜ್ಜಿಯನ್ನು ನೋಡಿದರು, ಬಾಗಿಲನ್ನು ನೋಡಿದರು. ಒಂದು ಹೆಜ್ಜೆ ಹಿಂದೆ ಸರಿಯಬೇಕಿತ್ತು, ಸರಿಯಲಿಲ್ಲ. ನನಗೆ ಅರ್ಥವಾಗಿ "ಬರ್ಲಿ, ಬರ್ಲಿ" ಎಂದೆ. ಹಿಂದೆ ಸರಿದು, "ಕೆರಿಯಪ್ಪ, ಆಗಿದ್ದಾಗ್ಲಿ," ಎಂದರು.

ಪುಟ್ಟಿ ಉದುರಿತು. ಒಳಗೆ ದುಂಡನೆಯ ತಗಡಿನ ತೇಪೆ, ಸುತ್ತ ರಿವಿಟ್ಟು. ತೇಪೆಯ ಮೇಲೆ ನೀಲಿ ನವಿಲು.

ಅಜ್ಜಿ ಹತ್ತಿರ ಬಂದು ಬಗ್ಗಿದರು. "ಇದು ನನ್ ಡಬ್ಬದ ಮುಚ್ಚಳ."

ತವರಿನಿಂದ ತಂದ ಎಣ್ಣೆ ಡಬ್ಬದ ಮುಚ್ಚಳ ಮದುವೆಯಾದ ವರ್ಷವೇ ಕಳೆದುಹೋಗಿತ್ತು. ಕೋತಿ ಎತ್ತಿಕೊಂಡು ಹೋಯಿತು ಎಂದಿದ್ದರು ತಾತ. ಅಂದಿನಿಂದ ಅಜ್ಜಿ ಯಾವ ಕೋತಿಯನ್ನೂ ಕ್ಷಮಿಸಿಲ್ಲ. ಡಬ್ಬಕ್ಕೆ ಇವತ್ತಿಗೂ ತಟ್ಟೆ ಮುಚ್ಚುತ್ತಾರೆ.

"ಯಜಮಾನ್ರು ಬೈತಾರೆ ಅಂತ ರಾತ್ರೋರಾತ್ರಿ ತೇಪೆ ಹಾಕ್ಸಿದೆ ಕಣೆ," ಎಂದರು ತಾತ. "ನವಿಲು ಕಾಣ್ಬಾರ್ದು ಅಂತ ಪುಟ್ಟಿ ಮೆತ್ತಿಸ್ದೆ."

ಮೋಹನ್‌ಬಾಬು ರಿವಿಟ್ಟು ಕಡಿದು ಮುಚ್ಚಳ ಬಿಡಿಸಿದರು. ಕೆಳಗೆ ತೂತು. ಅಂಚುಗಳು ಒಳಕ್ಕೆ ಮಡಚಿಕೊಂಡಿದ್ದವು, ಹೊರಗಿನಿಂದ ಏನೋ ತೂರಿದ ಹಾಗೆ. ಅಜ್ಜಿ ಹೆಬ್ಬೆರಳು ಹಾಕಿ ತಿರುಗಿಸಿ ನೋಡಿದರು.

"ಹೋರೀನೇ ಇರ್ಬೋದು," ಎಂದರು. "ಕೋತಿ ಅಂತೂ ಅಲ್ಲ."

ವೆಂಕಟರವಣಪ್ಪ ಹಾರವನ್ನು ಬಾಗಿಲಿಗೆ ಹಾಕಿದರು. ಮೋಹನ್‌ಬಾಬು ಬಾಗಿಲನ್ನು ಬಿಚ್ಚಿ ತಾತನಿಗೇ ಕೊಟ್ಟರು.

ಈಗ ತಾತ ನೆಂಟರಿಗೆ ಕಥೆ ಹೇಳುತ್ತಾರೆ, ಚೆನ್ನಾಗಿ ಊಟವನ್ನೂ ಮಾಡುತ್ತಾರೆ. ಹೋರಿ ಊರು ಮುಟ್ಟುವವರೆಗೆ ಅವರ ಸರದಿ. ಅಲ್ಲಿಂದ ಮುಂದಿನದು, ಮುಚ್ಚಳದ್ದು, ಅಜ್ಜಿ ಹೇಳುತ್ತಾರೆ. ಅಜ್ಜಿಯ ಭಾಗಕ್ಕೇ ಜನ ಹೆಚ್ಚು ನಗುತ್ತಾರೆ.

ನವಿಲಿನ ಬಾಲದ ಮೇಲೆ ಇನ್ನೂ ಸ್ವಲ್ಪ ಪುಟ್ಟಿ ಉಳಿದಿದೆ. ನಾಳೆ ಬೆಳಿಗ್ಗೆ ಸೊಪ್ಪು ಕೊಯ್ದು ಬಂದ ಮೇಲೆ ಉಪ್ಪುಕಾಗದದಲ್ಲಿ ನಿಧಾನವಾಗಿ ಉಜ್ಜಿ, ಮುಚ್ಚಳವನ್ನು ತೊಳೆದು ಡಬ್ಬಕ್ಕೆ ಹಾಕುತ್ತೇನೆ.