ಕಾಲುವೆಯಂಚಿನ ಹುಲ್ಲು

ಕಳೆದ ವಾರ ಶಿವಾಜಿನಗರದ ಗ್ರಂಧಿಗೆ ಅಂಗಡಿಯಲ್ಲಿ ಅಂಟುವಾಳಕಾಯಿ ಕೊಳ್ಳಲು ನಿಂತಿದ್ದೆ. ಅಂಗಡಿಯಾತ ಮೂಲೆಯಲ್ಲಿದ್ದ ಚೀಲವೊಂದನ್ನು ಜರುಗಿಸಿದ. ಲಾವಂಚದ ಬೇರಿನ ವಾಸನೆ ಎದ್ದಿತು. ಕಗ್ಗದಾಸಪುರದ ನಮ್ಮ ಓನರಮ್ಮನ ಕೈಗಳಿಗೆ ಸದಾ ಅಂಟಿಕೊಂಡಿರುತ್ತಿದ್ದ ವಾಸನೆ ಅದು...

ಗದಗಿನಿಂದ ಬಂದು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರದು ಆ ಊರಿನ ಹಳೆಯ ಒಕ್ಕಲು ಮನೆತನ. ಜಮೀನೆಲ್ಲ ಸೈಟುಗಳಾಗಿ ಹೋಗಿ, ಮನೆಯ ಹಿಂದೆ, ಕೆರೆಗೆ ಹರಿಯುವ ಕಾಲುವೆಯ ಪಕ್ಕ ಒಂದು ತುಂಡು ಹೊಲ ಉಳಿದಿತ್ತು. ದಂಟು, ಸಬ್ಬಸಿಗೆ, ಕೊತ್ತಂಬರಿ ಬೆಳೆದು ಬೀದಿಯವರಿಗೆ ಮಾರುತ್ತಿದ್ದರು. ಮಡಿಗಳನ್ನು ಇಳಿಜಾರಿಗೆ ಅಡ್ಡವಾಗಿಯೇ ಹಾಕುವರು. ಗೊಬ್ಬರದ ಗುಂಡಿಯನ್ನು ಕಾಲುವೆಯಿಂದ ದೂರವಿಟ್ಟು ಮಳೆಗಾಲದಲ್ಲಿ ತಗಡು ಮುಚ್ಚುವರು. ಕಾಲುವೆಯಂಚಿನ ನಾಲ್ಕು ಮಾರು ಅಗಲದಲ್ಲಿ ಮಾತ್ರ ಏನನ್ನೂ ಬಿತ್ತದೆ ಲಾವಂಚವನ್ನೂ ಹುಲ್ಲನ್ನೂ ಬೆಳೆಯಲು ಬಿಟ್ಟಿದ್ದರು.

"ಅಷ್ಟು ಜಾಗಾ ಯಾಕ ಖಾಲಿ ಬಿಟ್ಟೀರಿ?" ಎಂದು ಒಮ್ಮೆ ಕೇಳಿದೆ.

ಉತ್ತರ ಕೊಡಲು ಮಳೆ ಬರುವವರೆಗೆ ಕಾದರು. ಮಳೆ ನಿಂತೊಡನೆ ನನ್ನನ್ನು ಕೂಗಿ ಕರೆದು ಎರಡು ಗಾಜಿನ ಲೋಟ ತೋರಿಸಿದರು. ಹುಲ್ಲಿಗೆ ಮುಂಚೆ ಹಿಡಿದ ನೀರು ಚಹಾದಂತೆ ಕೆಂಪಗಿತ್ತು. ಹುಲ್ಲು ದಾಟಿ ಬಂದ ನೀರಿನಾಚೆ ಅವರ ಬೆರಳು ಕಾಣುತ್ತಿತ್ತು.

"ಮಣ್ಣು, ಗೊಬ್ರ ಎಲ್ಲಾ ಇಲ್ಲೇ ನಿಂತ್ಕೊತದೆ ಕಣಮ್ಮ. ಕೆರೆಗೆ ಬರೀ ನೀರು ವೋಗ್ಬೇಕು. ನಮ್ಮತ್ತೆ ನೆಟ್ಟಿದ್ ಹುಲ್ಲಿದು."

ಒಂದು ಬೇಸಿಗೆಯಲ್ಲಿ ಹೊಲದ ಬಾವಿ ನಾರತೊಡಗಿತು. ಯಾರೋ ಕಾಲುವೆಗೆ ಕೊಳಚೆ ಬಿಡುತ್ತಿರಬೇಕೆಂದು ಅವರು ದಂಡೆ ಹಿಡಿದು ಮೇಲಕ್ಕೆ ನಡೆದರು. ಬಹಳ ದೂರ ಹೋಗಬೇಕಾಗಲಿಲ್ಲ. ಸಂಜೆ ಅರಿಶಿನ ಕದಡಿದ ನೀರಿನ ಬಕೆಟ್ಟು ಹಿಡಿದು ನನ್ನ ಕೋಣೆಗೆ ಬಂದರು.

"ಕೆಳಗೋಗಿ ಕೂಗ್ತೀನಿ. ಆಗ ನಿನ್ ಬಚ್ಚಲಿಗೆ ಸುರಿ."

ಸುರಿದು ಕಿಟಕಿಗೆ ಬಂದೆ. ನಮ್ಮ ಹಿತ್ತಿಲ ಗೋಡೆಯ ಬುಡದಲ್ಲಿದ್ದ ಪೈಪಿನಿಂದ ಹಳದಿ ನೀರು ಕಾಲುವೆಗೆ ಬೀಳುತ್ತಿತ್ತು. ಅವರು ದಂಡೆಯ ಮೇಲೆ ಮೆಲ್ಲನೆ ಕುಳಿತುಬಿಟ್ಟರು.

ಮಹಡಿ ಕಟ್ಟಿಸುವಾಗ ಅವರ ಮಗನೇ ಹಾಕಿಸಿದ್ದ ಪೈಪು ಅದು. ಅಂದಿನ ಜಗಳ ನನ್ನ ಕೋಣೆಗೂ ಕೇಳಿಸಿತು.

"ಅಮ್ಮಾ, ಇಡೀ ಏರಿಯಾನೇ ಬಿಡ್ತೈತೆ. ನಮ್ದೊಂದು ಮುಚ್ಚಿದ್ರೆ ಕೆರೆ ಸರಿಹೋಗ್ಬಿಡ್ತದಾ?"

"ಇಲ್ಲ," ಎಂದರು ಅವರು. "ಆದ್ರೂ ಮುಚ್ಚು."

ಮಗ ಮುಚ್ಚಿಸಲಿಲ್ಲ.

ಮರುದಿನ ಕೊಯ್ಲಿಗೆ ಬಂದಿದ್ದ ಸೊಪ್ಪನ್ನೆಲ್ಲ ಕಿತ್ತು ಗುಂಡಿಗೆ ಹಾಕಿದರು. ಕೊಳ್ಳಲು ಬಂದ ಪಕ್ಕದ ಮನೆಯಾಕೆಗೆ "ಈ ನೀರಲ್ ಬೆಳೆದಿದ್ದು ನಿನ್ ಮಕ್ಕಳಿಗೆ ಕೊಡಲ್ಲಮ್ಮ" ಎಂದು ಕಳಿಸಿದರು. ಮತ್ತೆ ಬಿತ್ತಲಿಲ್ಲ. ಪಾತ್ರೆ ತೊಳೆದ ನೀರು, ಬಟ್ಟೆ ಒಗೆದ ನೀರನ್ನು ಬಕೆಟ್ಟಿನಲ್ಲಿ ಹೊತ್ತು ಬಾಳೆಗಿಡಗಳಿಗೆ ಸುರಿಯತೊಡಗಿದರು. ನಾನೂ ಹೊತ್ತೆ... ಹತ್ತು ದಿನವೋ, ಹನ್ನೆರಡು ದಿನವೋ. ಆಫೀಸಿಗೆ ತಡವಾಗುತ್ತಿತ್ತು, ಬಿಟ್ಟೆ. ಅವರು ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಒಬ್ಬರೇ ಹೊರುತ್ತಿದ್ದರು. ಅಂಚಿನ ಹುಲ್ಲು ಆಗಲೂ ಹಸಿರಾಗಿಯೇ ಇತ್ತು. ಹೊಲದಿಂದ ಬಂದದ್ದನ್ನು ಅದು ತಡೆಯಬಲ್ಲದು. ಪೈಪಿನಿಂದ ನೇರ ಬಿದ್ದದ್ದನ್ನು ಹೇಗೆ ತಡೆದೀತು?

ಮದುವೆಯಾಗಿ ನಾನು ಕುಕ್ ಟೌನಿಗೆ ಬಂದೆ. ನೋಡಲು ಬರುತ್ತೇನೆಂದು ಹೇಳಿ ಬಂದವಳು ಹೋಗಲೇ ಇಲ್ಲ. ಎಷ್ಟು ದೂರ ಮಹಾ...

ಅಂಗಡಿಯಿಂದ ಬಂದ ಮೇಲೆ ಮನಸ್ಸು ತಡೆಯದೆ ಆ ಭಾನುವಾರವೇ ಹೋದೆ. ಹೊಲವಿದ್ದಲ್ಲಿ ಕಾರು ತೊಳೆಯುವ ಶೆಡ್ಡು ಎದ್ದಿತ್ತು. ಕಾಲುವೆಯ ಎರಡೂ ಬದಿಗೆ ಕಾಂಕ್ರೀಟು ಗೋಡೆ, ನಡುವೆ ಕಪ್ಪು ನೀರು. ಮಗ ಗುರುತು ಹಿಡಿದು ಒಳಗೆ ಕರೆದು ಕಾಫಿ ಕೊಡಿಸಿದ.

"ಅಮ್ಮ ಹೋಗಿ ಮೂರು ವರ್ಷ ಆಯ್ತು. ನಿಮ್ಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ತಿಳಿದುಕೊಳ್ಳಲು ನಾನು ಒಂದು ಫೋನನ್ನೂ ಮಾಡಿರಲಿಲ್ಲ.

ಕೊನೆಗಾಲದಲ್ಲಿ ಮಂಚ ಬಿಟ್ಟು ಏಳಲಾಗದಿದ್ದರೂ, ಬಚ್ಚಲಲ್ಲಿ ನೀರು ಬಿದ್ದ ಸದ್ದಾದರೆ "ಬಕೆಟ್ ಇಡ್ರೋ ಯಾರಾದ್ರೂ" ಅನ್ನುತ್ತಿದ್ದರಂತೆ.

ಹೊರಡುವಾಗ ಗೇಟಿನವರೆಗೆ ಬಂದ. "ಮೇಲೆ ಇನ್ನೂ ಎರಡು ಫ್ಲೋರ್ ಹಾಕ್ಸಿದೀನಿ. ಒಳ್ಳೆ ಟೆನೆಂಟ್ ಯಾರಾದ್ರೂ ಇದ್ರೆ ಹೇಳಿ ಮೇಡಂ."

ಹೇಳ್ತೀನಿ ಎಂದೆ. ಆ ಫ್ಲೋರುಗಳ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆಂದು ಕೇಳಲಿಲ್ಲ.