ಅತ್ತೆಯೊಂದಿಗೆ ಜೇನು ಸಾಕಿದ ವರ್ಷ

ಯಳಂದೂರಿನಿಂದ ಮಧುವನಹಳ್ಳಿಗೆ ಸೊಸೆಯಾಗಿ ಬಂದು ಕೆಲವು ವರ್ಷ ಕಳೆದರೂ ಅತ್ತೆಗೂ ನನಗೂ ಹೇಳಿಕೊಳ್ಳುವಂಥ ಮಾತಿರಲಿಲ್ಲ. ಜಗಳವೂ ಇರಲಿಲ್ಲ. ನೀರು ಬಂತಾ, ಹಸು ಕಟ್ಟಿದೆಯಾ, ಅಷ್ಟೇ. ಅವರು ಜಗಲಿಯಲ್ಲಿ ಕೂತರೆ ನಾನು ಅಡುಗೆಮನೆಯಲ್ಲಿ ಇರುತ್ತಿದ್ದೆ.

ಕೊಳ್ಳೇಗಾಲದಲ್ಲಿ ಜೇನು ಸಾಕಣೆಯ ತರಬೇತಿ ಕೊಡುತ್ತಾರೆಂದು ನನ್ನ ಗಂಡ ಹೆಸರು ಬರೆಸಿದ್ದರು. ಆ ವಾರವೇ ಕಬ್ಬು ಕಡಿಯಲು ಆಳುಗಳು ಸಿಕ್ಕಿದ್ದರಿಂದ ತಮ್ಮ ಬದಲು ನನ್ನನ್ನು ಕಳಿಸಿದರು. ಒಬ್ಬಳೇ ಬೇಡವೆಂದು ಅತ್ತೆಯೂ ಹೊರಟರು.

ಕಲಿಸುವವರು ಪೆಟ್ಟಿಗೆ ಬಿಚ್ಚಿ ತೋರಿಸಿದರು. ಕೆಳಗಿನದು ಸಂಸಾರ ಕೋಣೆ. ರಾಣಿ ಮೊಟ್ಟೆ ಇಡುವುದು, ಮರಿ ಬೆಳೆಯುವುದು ಅಲ್ಲೇ, ಅದಕ್ಕೆ ಕೈ ಹಾಕಬಾರದು. ಮೇಲಿನದು ಜೇನು ಕೋಣೆ. ಜೇನುತುಪ್ಪ ತೆಗೆಯುವುದು ಅದರಿಂದ ಮಾತ್ರ. ಮಕರಂದ ತರುವುದು, ಮರಿ ಸಾಕುವುದು, ಮೇಣದ ಎರಿ ಕಟ್ಟುವುದು ಎಲ್ಲವೂ ಕೆಲಸಗಾರ ನೊಣಗಳದು, ಅವೆಲ್ಲ ಹೆಣ್ಣು. ಗಂಡು ನೊಣಕ್ಕೆ ರಾಣಿಯನ್ನು ಕೂಡುವುದು ಬಿಟ್ಟು ಬೇರೆ ಕೆಲಸವಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಇದ್ದಕ್ಕಿದ್ದಂತೆ ನಕ್ಕರು. "ಗಂಡು ಉಳ ಕೂತ್ಕಂಡು ತಿಂತದಂತಲ್ಲಮ್ಮಿ. ನಿಮ್ಮ ಮಾವನಂಗೇಯ."

ತೀರಿಹೋದ ಮಾವನ ಬಗ್ಗೆ ಅವರು ಮಾತಾಡಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ತರಬೇತಿಯಿಂದ ನಮಗೆ ಸಿಕ್ಕ ಪೆಟ್ಟಿಗೆಯಲ್ಲಿದ್ದದ್ದು ತುಡುವೆ ಜೇನು. ಹೆಜ್ಜೇನಿನಂತಲ್ಲ, ಪೆಟ್ಟಿಗೆಯ ಕತ್ತಲೆಗೆ ಒಗ್ಗಿಕೊಳ್ಳುವ ಜಾತಿ. ಹೊಂಗೆ ಮರದಡಿ ಇಟ್ಟು, ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿದೆವು. ವಾರಕ್ಕೊಮ್ಮೆ ನೊಣಗಳು ಕೆರಳದಂತೆ ನಾನು ಮೆಲ್ಲಗೆ ಹೊಗೆ ಊದುತ್ತಿದ್ದೆ, ಅತ್ತೆ ಎರಿ ಕಟ್ಟಿದ ಚೌಕಟ್ಟು ಎತ್ತಿ ನೋಡುತ್ತಿದ್ದರು. ಮುಚ್ಚಳ ಮುಚ್ಚಿದ ಮೇಲೂ ಮಾತು ನಿಲ್ಲುತ್ತಿರಲಿಲ್ಲ. ಹನೂರಿನ ಕಡೆ ತಾವು ಬೆಳೆದದ್ದು, ನನ್ನ ಗಂಡನಿಗಿಂತ ಮೊದಲು ಹುಟ್ಟಿ ತೀರಿಹೋದ ಮಗು, ಎಲ್ಲ ಆ ಮರದಡಿಯಲ್ಲೇ ಕೇಳಿದೆ.

ಒಮ್ಮೆ ಎರಿಯ ಅಂಚಿನಲ್ಲಿ ಕಡಲೆಕಾಯಿಯಂಥದೊಂದು ಗೂಡು ಕಂಡಿತು. ಹೊಸ ರಾಣಿ ಬೆಳೆಯುವ ಗೂಡದು, ಹಾಗೇ ಬಿಟ್ಟರೆ ಹಳೆಯ ರಾಣಿ ಅರ್ಧ ನೊಣಗಳನ್ನು ಕರೆದುಕೊಂಡು ಹಾರಿಹೋಗುತ್ತಾಳೆ ಎಂದೆ.

"ಅಳೇ ರಾಣಿನೇ ಓಗದಾ? ಒಸಬಳ್ಗೆ ಮನೆ ಬುಟ್ಕೊಟ್ಟು?"

"ಹೂಂ ಅತ್ತೆ."

"ಒಳ್ಳೇಳು ಕಣಮ್ಮಿ ಅವಳು," ಎಂದರು.

ಎರಡನೇ ಸಲ ತುಪ್ಪ ತೆಗೆಯುವಾಗ ಅತ್ತೆಯ ಕತ್ತಿಗೆ ಒಂದು ನೊಣ ಕುಟುಕಿತು. ಮೊದಲೂ ಕುಟುಕಿಸಿಕೊಂಡಿದ್ದರು, ಸ್ವಲ್ಪ ಊದಿ ಇಳಿದಿತ್ತು. ಉಗುರಲ್ಲಿ ಕೆರೆದು ಮುಳ್ಳು ತೆಗೆದೆ. ಅಷ್ಟರಲ್ಲಿ ಮೈಯೆಲ್ಲ ದದ್ದೆದ್ದು, ತುಟಿ ಊದಿಕೊಂಡು, ಉಸಿರು ಸಿಕ್ಕಿಕೊಳ್ಳತೊಡಗಿತು. ಆಟೋದಲ್ಲಿ ಕೊಳ್ಳೇಗಾಲದ ಆಸ್ಪತ್ರೆ ಸೇರುವವರೆಗೆ ಅವರ ಕೈ ನನ್ನ ಸೆರಗು ಬಿಡಲಿಲ್ಲ. ಅತ್ತೆ ಉಳಿದರು. ಇನ್ನೊಂದು ಸಲ ಕುಟುಕಿದರೆ ಕಷ್ಟ, ಜೇನಿನ ಹತ್ತಿರ ಬಿಡಬೇಡಿ ಎಂದರು ಡಾಕ್ಟರು.

"ಪೆಟ್ಗೆ ಇರ್ಲಿ ಬುಡ್ಲಾ, ನಾ ಅದ್ರ ತಾವ್ಕೇ ಓಗಕಿಲ್ಲ," ಎಂದು ಅತ್ತೆ ಮಗನಿಗೆ ಹೇಳಿ ನೋಡಿದರು. ನನ್ನ ಗಂಡ ಒಪ್ಪಲಿಲ್ಲ, ಪೆಟ್ಟಿಗೆ ಮನೆಯಲ್ಲಿ ಇರಕೂಡದು ಎಂದರು. ನಾನೂ ಅತ್ತೆಯ ಪರ ಮಾತಾಡುವ ಹಾಗಿರಲಿಲ್ಲ. ಸಂಜೆ ನೊಣಗಳೆಲ್ಲ ಒಳಸೇರಿದ ಮೇಲೆ ಪೆಟ್ಟಿಗೆಯ ಬಾಗಿಲಿಗೆ ಬಟ್ಟೆ ತುರುಕಿ, ಅದನ್ನು ಹನೂರಿನ ನೆಂಟರೊಬ್ಬರಿಗೆ ಕೊಟ್ಟು ಕಳಿಸಿದೆವು.

ಪೆಟ್ಟಿಗೆ ಹೋದರೂ ಮಾತು ಉಳಿಯುತ್ತದೆ ಎಂದುಕೊಂಡಿದ್ದೆ. ಕೆಲವು ದಿನ ಜಗಲಿಯಲ್ಲಿ ಅವರ ಪಕ್ಕ ಕೂತೆ. ಕೈಗೆ ಕೆಲಸವಿಲ್ಲದೆ ಕೂತರೆ ಇಬ್ಬರಿಗೂ ಏನು ಆಡಬೇಕೋ ತೋಚುತ್ತಿರಲಿಲ್ಲ. ಸಾರು ಉಕ್ಕೀತು ಎಂದು ಎದ್ದು ಹೋಗುತ್ತಿದ್ದೆ. ಆಮೇಲಾಮೇಲೆ ಕೂರುವುದೇ ತಪ್ಪಿತು.

ಹೋದ ತಿಂಗಳು ನಾನು ಹನೂರಿಗೆ ಹೋದಾಗ ಆ ನೆಂಟರು ಅದೇ ಪೆಟ್ಟಿಗೆಯ ಒಂದು ಬಾಟಲಿ ಜೇನುತುಪ್ಪ ಕೊಟ್ಟರು. ಮನೆಗೆ ತಂದಾಗ ಅತ್ತೆ ಜಗಲಿಯಲ್ಲೇ ಬೆರಳಲ್ಲಿ ತೆಗೆದು ನಾಲಿಗೆಗೆ ಹಚ್ಚಿಕೊಂಡರು.

"ಯಾವ ಊವಿನ ತುಪ್ಪವಂತಮ್ಮಿ?"

"ಕೇಳಲಿಲ್ಲ ಅತ್ತೆ."

ಅವರು ಮುಚ್ಚಳ ಹಾಕಿ ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಒಳಗೆ ತೆಗೆದುಕೊಂಡು ಹೋದೆ.