ಸುಮ್ಮನಿರುವ ಕಾಯಿ

ಮೊನ್ನೆ ಊರಿನಿಂದ ಬಂದ ಗೋಣಿಚೀಲದ ಬಾಯಿ ಬಿಚ್ಚಿದೊಡನೆ ನಮ್ಮ ಹಳೆಯ ಅಟ್ಟದ ವಾಸನೆ ಅಡುಗೆಮನೆಯ ತುಂಬ ಹರಡಿತು. ಒಣಗಿದ ತೆಂಗಿನ ಸಿಪ್ಪೆ, ಸೌದೆಯ ಹೊಗೆ, ಧೂಳು, ಎಲ್ಲಕ್ಕಿಂತ ಕೆಳಗೆ ಎಣ್ಣೆಯೊಸರುವ ಕೊಬ್ಬರಿಯ ಸಿಹಿ. ಆ ಅಟ್ಟ ಈಗಿಲ್ಲ. ಮನೆ ಕೆಡವಿ ತಾರಸಿ ಹಾಕಿಸಿ ಎಷ್ಟೋ ವರ್ಷವಾಯಿತು, ಕಾಯಿಗಳೆಲ್ಲ ಈಗ ಬಚ್ಚಲ ಒಲೆಯ ಪಕ್ಕದ ಶೆಡ್ಡಿನಲ್ಲಿ ಇರುತ್ತವೆ. ಆದರೂ ವಾಸನೆ ಅದೇ. ಒಂದು ಕಾಯಿ ಕೈಗೆತ್ತಿಕೊಂಡು, ಕಿವಿಯ ಪಕ್ಕ ಹಿಡಿದು, ಮೂರು ಸಲ ಅಲ್ಲಾಡಿಸಿದೆ. ಅಜ್ಜಿ ತೆಂಗಿನಕಾಯಿಯಲ್ಲಿ ಫೋನ್ ಮಾಡುತ್ತಿದ್ದಾಳೆ ಎಂದು ನನ್ನ ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ನಗಲಿ, ಪಾಪ. ಇನ್ನೊಬ್ಬರ ಮಾತು ಕೇಳುವುದನ್ನು ನಾನು ಕಲಿತದ್ದೇ ಹೀಗೆ ಎಂದರೆ ಅವಳು ನಂಬುವುದಿಲ್ಲ.

ನಮ್ಮೂರು ಹಿರಿಯೂರು ತಾಲ್ಲೂಕಿನಲ್ಲಿ, ಯಲ್ಲದಕೆರೆಯಿಂದ ಎತ್ತಿನ ಗಾಡಿಯಲ್ಲಿ ಒಂದು ಗಂಟೆಯ ದಾರಿ. ಎಪ್ಪತ್ತರ ದಶಕದ ನಡುವಿನ ಮಾತು ಇದು. ಮನೆಗೆ ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ಎರಡರ ಮೇಲೂ ಬಿದಿರು ಹಾಸಿದ ಅಟ್ಟ. ತೋಟದ ಕಾಯಿಗಳನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಏರಿಸಿದರೆ ಅವು ಒಲೆಯ ಹೊಗೆ ಕುಡಿಯುತ್ತ ಹತ್ತು ಹನ್ನೆರಡು ತಿಂಗಳು ಅಲ್ಲೇ ಮಲಗಿರುತ್ತಿದ್ದವು. ಮೊದಮೊದಲು ಅಲ್ಲಾಡಿಸಿದರೆ ನೀರು ಕುಲುಕುವ ಸದ್ದು. ನೀರು ಇಂಗಿದ ಮೇಲೆ ತಿಂಗಳುಗಟ್ಟಲೆ ಏನೂ ಇಲ್ಲ. ಕೊನೆಗೊಂದು ದಿನ ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು ಒಳಗೇ ಲೊಟಲೊಟ ಎನ್ನುತ್ತದೆ. ಆಗ ಒಡೆದರೆ ಗುಂಡಗಿನ ಇಡೀ ಕೊಬ್ಬರಿ ಕೈಗೆ ಬರುತ್ತದೆ, ಆತುರಪಟ್ಟು ಮೊದಲೇ ಒಡೆದರೆ ಬರೀ ಚೂರು. ಯಾವ ಕಾಯಿ ಎಲ್ಲಿಗೆ ಬಂದಿದೆ ಎಂದು ಹೇಳುವುದು ನನ್ನ ಅಜ್ಜಿಯ ಕೆಲಸ. ಎಪ್ಪತ್ತು ದಾಟಿದ್ದರೂ ಸೀರೆ ಎತ್ತಿ ಸಿಕ್ಕಿಸಿಕೊಂಡು ಏಣಿ ಹತ್ತುತ್ತಿದ್ದಳು. ಅವಳು ಕಾಯಿಗೆ ಕಿವಿ ಕೊಟ್ಟಾಗ ಮನೆಯಲ್ಲಿ ಯಾರೂ ಸದ್ದು ಮಾಡುವಂತಿಲ್ಲ. ಅಪ್ಪನಿಗೆ ಕೆಮ್ಮು ಬಂದರೆ ಅಂಗಳಕ್ಕೆ ಹೋಗಿ ಕೆಮ್ಮಿ ಬರುತ್ತಿದ್ದ.

ಇಂಥ ಮನೆಯಲ್ಲಿ ನಾನು ಹುಟ್ಟಿದ್ದೆ. ನನ್ನ ಹೆಸರು ಶಾಂತಾ. ಹೆಸರಿಟ್ಟವರು ಆಮೇಲೆ ಕೈ ಕೈ ಹಿಸುಕಿಕೊಂಡರಂತೆ. ಬೆಳಗ್ಗೆ ಕಣ್ಣು ಬಿಡುವ ಮೊದಲೇ ಬಾಯಿ ಬಿಡುತ್ತಿದ್ದೆ. ಅಮ್ಮ ‘ಅಂಗಡಿಗೆ ಹೋಗಿ’ ಎನ್ನುವಷ್ಟರಲ್ಲಿ ಅಂಗಡಿಯ ಮುಂದೆ ನಿಂತಿರುತ್ತಿದ್ದೆ, ಏನು ತರಬೇಕು ಎಂದು ಕೇಳಲು ಮತ್ತೆ ಮನೆಗೆ ಓಡಬೇಕಾಗುತ್ತಿತ್ತು. ನನಗೆ ತದ್ವಿರುದ್ಧ ಅಪ್ಪನ ತಮ್ಮ, ಮಲ್ಲೇಶಿ ಚಿಕ್ಕಪ್ಪ. ಅವನಿಗೆ ಮಾತು ತೊದಲುತ್ತಿತ್ತು. ಮೊದಲ ಅಕ್ಷರವೇ ತುಟಿಯಲ್ಲಿ ಸಿಕ್ಕಿಕೊಂಡು ಕತ್ತಿನ ನರ ಉಬ್ಬುತ್ತಿತ್ತು. ಅದನ್ನು ನೋಡಲಾರದೆ ಎಲ್ಲರೂ ಪ್ರೀತಿಯಿಂದಲೇ ಅವನ ಮಾತನ್ನು ತಾವು ಮುಗಿಸಿಕೊಡುತ್ತಿದ್ದರು. ಈ ಉಪಕಾರದಲ್ಲಿ ನಾನು ಎಲ್ಲರಿಗಿಂತ ಮುಂದೆ. ಊರವರು ನನ್ನನ್ನು ಮಲ್ಲೇಶಿಯ ಬಾಯಿ ಎಂದೇ ಕರೆಯುತ್ತಿದ್ದರು, ನನಗೋ ಅದು ದೊಡ್ಡ ಬಿರುದು. ಅವನು ಮಜ್ಜಿಗೆ ಕೇಳಲು ಹೊರಟರೆ ನಾನು ನೀರು ತಂದು ಕೊಡುತ್ತಿದ್ದೆ. ಅವನು ಕುಡಿದು ಲೋಟ ವಾಪಸು ಕೊಡುತ್ತಿದ್ದ. ಅದಲ್ಲ ಎಂದು ಹೇಳಲು ಇನ್ನೂ ಹೆಚ್ಚು ಹೊತ್ತು ಬೇಕಾಗುತ್ತಿತ್ತಲ್ಲ. ಅಜ್ಜಿಯೊಬ್ಬಳೇ ಕೈಯಲ್ಲಿದ್ದ ಕೆಲಸ ಬಿಟ್ಟು, ಅವನ ಮುಖ ನೋಡುತ್ತ, ಮಾತು ಹೊರಗೆ ಬರುವವರೆಗೆ ಕಾಯುತ್ತಿದ್ದಳು.

ಚಿಕ್ಕಪ್ಪನಿಗೆ ಹೊಳಲ್ಕೆರೆ ಕಡೆಯ ಒಂದು ಹಳ್ಳಿಯಲ್ಲಿ ಹೆಣ್ಣು ಗೊತ್ತಾಯಿತು. ನೋಡಲು ಹೊರಡುವ ದಿನ ಅಜ್ಜಿಗೆ ಚಳಿಜ್ವರ. ಅಪ್ಪ, ಅಮ್ಮ, ಚಿಕ್ಕಪ್ಪನ ಜೊತೆ ನನ್ನನ್ನೂ ಕರೆದುಕೊಂಡು ಹೋದರು. ಯಾಕೆಂದು ಬಸ್ಸು ಐಮಂಗಲ ದಾಟುವಾಗ ಅಪ್ಪ ತಿಳಿಸಿದ. ತೊದಲಿನ ವಿಷಯ ಹೆಣ್ಣಿನ ಕಡೆಯವರಿಗೆ ಹೇಳಿಲ್ಲ. ಚಿಕ್ಕಪ್ಪನನ್ನು ಯಾರಾದರೂ ಏನಾದರೂ ಕೇಳಿದರೆ ನಾನು ನಡುವೆ ಬಾಯಿ ಹಾಕಬೇಕು, ಮಕ್ಕಳ ಮಾತೆಂದು ಎಲ್ಲರೂ ನಕ್ಕು ಸುಮ್ಮನಾಗುತ್ತಾರೆ. ನಡುವೆ ಬಾಯಿ ಹಾಕು ಎಂದು ದೊಡ್ಡವರೇ ಹೇಳಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಹಿಗ್ಗಿಹೋದೆ. ಮುಂದಿನ ಸೀಟಿನಲ್ಲಿದ್ದ ಚಿಕ್ಕಪ್ಪ ಕಿಟಕಿಯ ಕಡೆ ತಿರುಗಿ ಕೂತಿದ್ದ.

ಹುಡುಗಿಯ ಹೆಸರು ಗಿರಿಜಾ. ತಟ್ಟೆಯಲ್ಲಿ ಮಂಡಕ್ಕಿ ತಂದಿಟ್ಟು, ತಲೆ ತಗ್ಗಿಸಿ ಕಂಬದ ಪಕ್ಕ ಕೂತಳು. ಅವಳ ಅಪ್ಪ ಬೆಳೆಯ ಬಗ್ಗೆ ಕೇಳಿದರೆ ನಾನು ಹೇಳಿದೆ, ಬಾವಿಯ ನೀರಿನ ಬಗ್ಗೆ ಕೇಳಿದರೂ ನಾನೇ ಹೇಳಿದೆ. ಎಲ್ಲರೂ ನಕ್ಕರು. ಕೊನೆಗೆ ಆತ ನೇರವಾಗಿ ಚಿಕ್ಕಪ್ಪನ ಕಡೆ ತಿರುಗಿ, “ಏನಪ್ಪ, ಹುಡುಗಿ ಒಪ್ಪಿಗೆನಾ?” ಎಂದ. ಚಿಕ್ಕಪ್ಪ ತಲೆ ಎತ್ತಿ ಗಿರಿಜಾಳನ್ನು ನೋಡಿದ. “ನಾ…” ಎಂದು ಶುರುಮಾಡಿದ. ಅಷ್ಟು ಸಾಕಾಯಿತು ನನಗೆ. “ನಮ್ ಚಿಕ್ಕಪ್ಪಂಗೆ ಬಾಳ ಒಪ್ಪಿಗೆ ಐತಂತೆ” ಎಂದು ಕೂಗಿಬಿಟ್ಟೆ. ಪಡಸಾಲೆಯೆಲ್ಲ ನಗು, ಎಲ್ಲರ ಕೈಗೂ ಸಕ್ಕರೆ. ಚಿಕ್ಕಪ್ಪನ ಬಾಯಿ ಇನ್ನೂ ಅರ್ಧ ತೆರೆದೇ ಇತ್ತು. ಆ ಸಕ್ಕರೆಯನ್ನು ಅವನು ತಿನ್ನಲಿಲ್ಲ. ಬೆವರಿದ ಅಂಗೈಯಲ್ಲೇ ಅದು ಕರಗುತ್ತಿದ್ದುದನ್ನು ನಾನು ನೋಡಿದೆ, ಆದರೆ ನೋಡಿದ್ದು ಏನೆಂದು ತಿಳಿಯಲಿಲ್ಲ.

ಊರಿಗೆ ಬಂದ ಮೇಲೆ ಚಿಕ್ಕಪ್ಪ ಇದ್ದಬದ್ದ ಮಾತನ್ನೂ ಬಿಟ್ಟ. ಮದುವೆ ಗಂಡಿಗೆ ನಾಚಿಕೆ ಎಂದು ಎಲ್ಲರೂ ರೇಗಿಸಿದರು. ಜ್ವರ ಬಿಟ್ಟು ಎದ್ದು ಕೂತ ಅಜ್ಜಿ ಮಾತ್ರ ನನ್ನನ್ನು ಹತ್ತಿರ ಕೂರಿಸಿಕೊಂಡು, ನಡೆದದ್ದನ್ನೆಲ್ಲ ಹೇಳಿಸಿದಳು. ನಾನು ನನ್ನ ಪ್ರತಾಪವನ್ನು ಉಪ್ಪುಖಾರ ಹಚ್ಚಿ ವರ್ಣಿಸಿದೆ. ಅವಳು ಪೂರ್ತಿ ಕೇಳಿ, ಒಂದೇ ಒಂದು ಪ್ರಶ್ನೆ ಕೇಳಿದಳು. “‘ನಾ’ ಅಂದ. ಆಮೇಲೆ ಏನಂದ?” ಆಮೇಲೆ ಏನು ಎಂದು ನನಗೆ ಗೊತ್ತಿರಲಿಲ್ಲ. ಆಮೇಲಿನದು ಅವನದಲ್ಲ, ನನ್ನದಾಗಿತ್ತು.

ಮಾರನೆಯ ಬೆಳಗ್ಗೆ ಕಾಯಿ ವಿಂಗಡಿಸಲು ಚಿಕ್ಕಪ್ಪನ ಜೊತೆ ನನ್ನನ್ನೂ ಅಟ್ಟ ಹತ್ತಿಸಿದಳು. ಒಂದೊಂದನ್ನೂ ಮೂರು ಸಲ ಅಲ್ಲಾಡಿಸಿ, ನೀರಿನವು ಒಂದು ಕಡೆ, ಸುಮ್ಮನಿರುವವು ಒಂದು ಕಡೆ, ಲೊಟಗುಟ್ಟುವವು ಒಂದು ಕಡೆ ಹಾಕಬೇಕು. ಚಿಕ್ಕಪ್ಪ ಮಾತಾಡುವವರೆಗೆ ನಾನು ತುಟಿ ಬಿಚ್ಚಕೂಡದು. ಸುಮ್ಮನಿರುವ ಕಾಯಿಗಳು ಕೆಟ್ಟಿರಬಹುದು, ಎಸೆಯಲಾ ಎಂದು ಏಣಿಯ ಮೇಲಿಂದಲೇ ಕೇಳಿದೆ. “ಲೇ ಶಾಂತಾ, ಸುಮ್ನಿರೋ ಕಾಯಿನ ಖಾಲಿ ಅನ್ಕಬೇಡ” ಎಂದಳು ಅಜ್ಜಿ. “ಒಳಗೆ ಬಿಡಿಸ್ಕಳ್ತಾ ಇರ್ತೈತೆ. ಅದೇ ಹೇಳೋಗಂಟ ಕಾಯ್ಬೇಕು.”

ಮೊದಲ ದಿನ ನರಕ. ನಾಲಿಗೆ ಬಾಯಿಯೊಳಗೆ ಒದ್ದಾಡುತ್ತಿತ್ತು. ಎರಡನೆಯ ದಿನ ವಿಚಿತ್ರವೆಂಬಂತೆ ಮನೆ ನನಗೆ ಕೇಳಿಸತೊಡಗಿತು. ಕೆಳಗೆ ಅಮ್ಮ ರಾಗಿ ಬೀಸುವಾಗ ಕಲ್ಲು ಒಂದು ಸುತ್ತಿಗೊಮ್ಮೆ ಕಿರ್ರೆನ್ನುತ್ತದೆ ಎಂದು ಗೊತ್ತಾಯಿತು. ಅಪ್ಪ ಒಬ್ಬನೇ ಇದ್ದಾಗ ಗುನುಗುತ್ತಾನೆ ಎಂದು ಗೊತ್ತಾಯಿತು, ಎಷ್ಟು ಮಧುರವಾಗಿ. ಕಾಯಿಗಳ ನೀರಿನಲ್ಲೂ ಎಳೆಯದು, ಬಲಿತದ್ದು ಎಂದು ಬೇರೆ ಬೇರೆ ಸದ್ದು. ಸರಿಯಾಗಿ ಗುರುತಿಸಿದಾಗ ಚಿಕ್ಕಪ್ಪ ಹುಬ್ಬು ಹಾರಿಸಿಯೇ ಭೇಷ್ ಎನ್ನುತ್ತಿದ್ದ, ನಾನು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆ. ಅಷ್ಟು ಸುಖವಾದ ದಿನಗಳನ್ನು ಆಮೇಲೆ ನಾನು ಹೆಚ್ಚು ಕಂಡಿಲ್ಲ.

ಮೂರನೆಯ ದಿನ ಮಧ್ಯಾಹ್ನ, ಕೈಯಲ್ಲಿ ಕಾಯಿ ಹಿಡಿದುಕೊಂಡೇ ಚಿಕ್ಕಪ್ಪ ಶುರುಮಾಡಿದ. ಮೊದಲ ಅಕ್ಷರ ಸಿಕ್ಕಿಕೊಂಡಿತು. ನನ್ನ ತುದಿನಾಲಿಗೆಯಲ್ಲಿ ನಾಲ್ಕು ಮಾತು ಸಿದ್ಧವಾಗಿ ನಿಂತಿದ್ದವು. ಲಂಗದ ಅಂಚನ್ನು ಕಚ್ಚಿ ಹಿಡಿದೆ. ಅವನು ಕಣ್ಣು ಮುಚ್ಚಿದ, ತೆರೆದ, ಮತ್ತೆ ಶುರುಮಾಡಿದ. ಎಷ್ಟು ಹೊತ್ತಾಯಿತೋ. ಆಮೇಲೆ ಬಂತು, ತಡೆತಡೆದು, ಆದರೆ ಪೂರ್ತಿಯಾಗಿ. “ಆ ಹುಡುಗಿಗೆ ನಾನು ಹಿಂಗೆ ಅಂತ ಗೊತ್ತಿಲ್ಲ. ಮುಚ್ಚಿಟ್ಟು ಮದ್ವೆ ಆದ್ರೆ ಜೀವಮಾನ ಪೂರ್ತಿ ಮುಚ್ಚಿಡಬೇಕಾಗ್ತೈತೆ. ನಾನೇ ಹೇಳ್ತೀನಿ, ಕೇಳಿ ಅವಳು ಒಪ್ಪಿದ್ರೆ ಸರಿ ಅಂತ ಆವತ್ತು ಹೇಳಾಕೆ ಹೊಂಟಿದ್ದೆ.” ನಾನು ಜೋರಾಗಿ ಅತ್ತುಬಿಟ್ಟೆ. ಒಂಬತ್ತು ವರ್ಷ ಅವನ ತೊಡೆಯ ಮೇಲೆ ಬೆಳೆದವಳು, ಅವನ ಒಂದು ಮಾತನ್ನು ಕೊನೆಯವರೆಗೆ ಕೇಳಿದ್ದು ಅದೇ ಮೊದಲು. ಅವನ ದನಿ ಅಷ್ಟು ಚೆನ್ನಾಗಿದೆ ಎಂದೂ ನನಗೆ ಗೊತ್ತಿರಲಿಲ್ಲ.

ಏಣಿಯ ಬುಡದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ಅಜ್ಜಿ ಎಲ್ಲವನ್ನೂ ಕೇಳಿದ್ದಳು. ಹೋಗಿ ಹುಡುಗಿಗೆ ಹೇಳಿಬಿಡೋಣ ಎಂದರೆ ಸಂಜೆ ಅಪ್ಪ ಬೇಡವೆಂದು ಹಟ ಹಿಡಿದ. ಸಂಬಂಧ ಮುರಿಯುತ್ತದೆ, ಸುದ್ದಿ ಹತ್ತೂರಿಗೆ ಹಬ್ಬುತ್ತದೆ, ತಮ್ಮನಿಗೆ ಇನ್ನು ಯಾರೂ ಹೆಣ್ಣು ಕೊಡುವುದಿಲ್ಲ ಎಂದು ಅವನ ಹೆದರಿಕೆ. ಹೆದರಿಕೆ ಸುಳ್ಳೇನೂ ಆಗಿರಲಿಲ್ಲ. ಅಜ್ಜಿ ಅವನದನ್ನೂ ಪೂರ್ತಿ ಕೇಳಿದಳು. “ತಪ್ಪಿದ್ರೆ ತಪ್ಪಲಿ. ಅವನ ಮಾತು ಅವನೇ ಆಡ್ಲಿ. ನಾಳೆ ಹೋಗಾಣ” ಎಂದು ಮಲ್ಲೇಶಿಯ ಕಡೆ ನೋಡಿದಳು.

ಅಜ್ಜಿ, ಚಿಕ್ಕಪ್ಪ, ನಾನು ಹೊರಟೆವು. ನನ್ನ ಬಾಯಿಗೆ ಅಜ್ಜಿ ಮನೆಯಲ್ಲೇ ಕೊಬ್ಬರಿ ಬೆಲ್ಲ ತುರುಕಿದ್ದಳು, ಕರಗಿದಂತೆಲ್ಲ ಇನ್ನೊಂದು ಚೂರು. ಚಿತ್ರದುರ್ಗದಲ್ಲಿ ಬಸ್ಸು ಬದಲಿಸಿದೆವು. ಚಿಕ್ಕಪ್ಪ “ಹೊ…” ಎನ್ನುವಷ್ಟರಲ್ಲಿ ಕಂಡಕ್ಟರು ಹೊಸದುರ್ಗಕ್ಕೆ ಟಿಕೆಟ್ ಹರಿದು ಕೈಗಿಟ್ಟು ಮುಂದೆ ಹೋಗಿಬಿಟ್ಟ. ಹೊಳಲ್ಕೆರೆಯಲ್ಲಿ ನಾವು ಇಳಿಯುವಾಗ ನಿಮ್ಮ ಊರು ಇನ್ನೂ ಮುಂದಿದೆ ಎಂದು ಅವನೇ ತಡೆದ. ಚಿಕ್ಕಪ್ಪ ಮೆಟ್ಟಿಲ ಮೇಲೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕ, ಅಜ್ಜಿಯೂ ನಕ್ಕಳು. ನಗಲು ಹೋಗಿ ನನ್ನ ಬಾಯಿಯ ಕೊಬ್ಬರಿ ನೆತ್ತಿಗೇರಿತು.

ಗಿರಿಜಾಳ ಅಪ್ಪ ಗಾಬರಿಯಿಂದಲೇ “ಬರ್ರಿ, ಕುಂತ್ಕಳ್ರಿ” ಎಂದ. ಹುಡುಗಿಯನ್ನೂ ಕರೆಸಿ ಎಂದಳು ಅಜ್ಜಿ. ಅವಳು ಬಂದು ಅದೇ ಕಂಬದ ಪಕ್ಕ ಕೂತ ಮೇಲೆ ಚಿಕ್ಕಪ್ಪ ಶುರುಮಾಡಿದ. ಮಾತು ಸಿಕ್ಕಿಕೊಂಡಿತು, ಕತ್ತಿನ ನರ ಎದ್ದಿತು. “ಏನು, ಮದ್ವೆ ಮುಂದಕ್ಕೆ ಹಾಕ್ಬೇಕಾ?” ಎಂದು ಆತ ಮುಂದೆ ಬಗ್ಗಿದ. ಅಜ್ಜಿ ಸುಮ್ಮನೆ ಕೈ ಎತ್ತಿದಳು. ಹಿತ್ತಲಲ್ಲಿ ಹಸು ಹುಲ್ಲು ಅಗಿಯುವುದು ಕೇಳುತ್ತಿತ್ತು. ಚಿಕ್ಕಪ್ಪ ಹೇಳಿ ಮುಗಿಸಿದ. ಮಾತು ತಡೆಯುತ್ತದೆ, ಹುಟ್ಟಿದಾಗಿನಿಂದ ಹೀಗೇ, ಆವತ್ತು ಮುಚ್ಚಿಟ್ಟಿದ್ದು ತಪ್ಪು, ಈಗ ಒಪ್ಪಿಗೆ ಇದೆಯೋ ಇಲ್ಲವೋ ಹುಡುಗಿಯೇ ಹೇಳಲಿ ಎಂದ. ಅವಳ ಅಪ್ಪನ ಮುಖ ಕೆಂಪಾಗಿತ್ತು. “ಅವಳನ್ನೇನು ಕೇಳೋದು…” ಎಂದು ಶುರುಮಾಡಿದ. ಈ ಸಲ ಕೈ ಎತ್ತಿದ್ದು ಚಿಕ್ಕಪ್ಪ.

ಗಿರಿಜಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ನಾನು ಬೆಲ್ಲ ಚೀಪುವುದನ್ನೂ ನಿಲ್ಲಿಸಿದ್ದೆ. ಆಮೇಲೆ ಅವಳು ತಲೆ ಎತ್ತಿದಳು. “ಆವತ್ತು ನೀವು ಒಂದು ಮಾತೂ ಆಡ್ಲಿಲ್ಲ. ಸಿಡುಕಿನೋರು ಇರ್ಬೇಕು ಅಂತ ಭಯ ಬಿದ್ದಿದ್ದೆ” ಎಂದಳು. ತಡೆದು, ಮತ್ತೆ ಹೇಳಿದಳು: “ಈ ಮನೇಲಿ ನನ್ನ ಯಾರೂ ಕೇಳಿರ್ಲಿಲ್ಲ. ನೀವು ಕೇಳಿದ್ರಿ. ನಂಗೆ ಒಪ್ಪಿಗೆ ಐತೆ.” ಚಿಕ್ಕಪ್ಪ ಈ ಸಲ ಸಕ್ಕರೆ ತಿಂದ. ನನ್ನ ಪಾಲನ್ನೂ ತಿಂದ.

ಗಿರಿಜಾ ಚಿಕ್ಕಮ್ಮ ಮನೆಗೆ ಬಂದ ಮೇಲೆ ಅಟ್ಟದ ಮೇಲಿನ ಕೆಲಸಕ್ಕೆ ಮೂವರಾದೆವು. ಚಿಕ್ಕಪ್ಪ ಮಾತು ಹುಡುಕುವಾಗ ಅವಳು ಕಾಯಿ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು. ಅಪ್ಪನೂ ಕಾಯುವುದನ್ನು ಕಲಿತ, ಬೆನ್ನ ಹಿಂದೆ ಬೆರಳು ಎಣಿಸುತ್ತ. ನಾನು ಪೂರ್ತಿ ಬದಲಾದೆ ಎಂದರೆ ಸುಳ್ಳಾಗುತ್ತದೆ, ನನ್ನ ಗಂಡನನ್ನು ಕೇಳಿ ನೋಡಿ. ಆದರೂ ಎದುರಿಗಿರುವವರು ಮಾತಿನ ನಡುವೆ ತಡೆದರೆ ಇವತ್ತಿಗೂ ನನ್ನ ಬಾಯಿಯಲ್ಲಿ ಕೊಬ್ಬರಿ ಬೆಲ್ಲದ ರುಚಿ ಬರುತ್ತದೆ.

ಅಜ್ಜಿ ಹೋದಳು, ಅಪ್ಪ ಅಮ್ಮ ಹೋದರು, ಅಟ್ಟ ಹೋಯಿತು. ಚಿಕ್ಕಪ್ಪ ಹೋಗಿ ಎರಡು ವರ್ಷ. ಕೊನೆಯ ದಿನ ಮಧ್ಯಾಹ್ನ ಆಸ್ಪತ್ರೆಯಲ್ಲಿ ನಾನೂ ಚಿಕ್ಕಮ್ಮನೂ ಹತ್ತಿರ ಇದ್ದೆವು. ಅವನು ಕಣ್ಣು ತೆರೆದು, ನಮ್ಮಿಬ್ಬರನ್ನೂ ನೋಡಿ, “ನಾ…” ಎಂದ. ನೀರು ಬೇಕೇನೋ ಎಂದು ನರ್ಸ್ ಮುಂದೆ ಬಂದಳು. ಚಿಕ್ಕಮ್ಮ ಅಜ್ಜಿಯ ಹಾಗೆಯೇ ಕೈ ಎತ್ತಿದಳು. ನಾವು ಕಾದೆವು. ಮಾತು ಬರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ನೆಂಟರೆಲ್ಲ ಅದನ್ನು ತಮಗೆ ತೋಚಿದ ಹಾಗೆ ಮುಗಿಸಿದರು. ನಾನು ಹೊರಟೆ ಎಂದಿರಬೇಕು ಎಂದರು ಕೆಲವರು, ನಾಳೆ ಮನೆಗೆ ಹೋಗಾಣ ಎಂದಿರಬೇಕು ಎಂದರು ಇನ್ನು ಕೆಲವರು. ಎಲ್ಲರಿಗೂ ಚಿಕ್ಕಮ್ಮ ಒಂದೇ ಮಾತು ಹೇಳಿದಳು. “ಅವ್ರು ಇನ್ನೂ ಹೇಳಿ ಮುಗ್ಸಿಲ್ಲ.”

ಮೊನ್ನೆ ಚೀಲ ಕಳಿಸಿದ್ದು ಅವಳೇ. ನಾನು ಅಲ್ಲಾಡಿಸಿದ ಕಾಯಿಯಲ್ಲಿ ನೀರಿನ ಸದ್ದಿರಲಿಲ್ಲ, ಲೊಟಲೊಟವೂ ಇರಲಿಲ್ಲ. ಏನಂತೆ ಅಜ್ಜಿ ಎಂದಳು ಮೊಮ್ಮಗಳು. ಅವಳ ಕಿವಿಗೂ ಹಿಡಿದೆ. ಏನೂ ಕೇಳಿಸುವುದಿಲ್ಲ ಎಂದು ಅವಳು ಹೇಳಿ ಮುಗಿಸುವವರೆಗೆ ಕಾದು, ಕಾಯಿಯನ್ನು ಒಲೆಯ ಮೇಲಿನ ಹಲಗೆಯಲ್ಲಿ ಎತ್ತಿಟ್ಟೆ.